ಪುಸ್ತಕದ ವೊಂಕಾಗೆ ಯಾರೂ ಇಲ್ಲ, ಸಿನಿಮಾದ ವೊಂಕಾಗೆ ಅಮ್ಮ ಇದ್ದಾಳೆ. ಮಕ್ಕಳಿಗೆ ಏನು ಹೇಳಲಿ?

ಕೋಡಿಬಾಗದ ಜಗುಲಿ, ಕಾರವಾರ:

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನಮ್ಮ ಮನೆ ಜಗುಲಿಗೆ ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಮಕ್ಕಳು ಬರುತ್ತಾರೆ. 9 ಜನ. ಚಿಕ್ಕವನಿಗೆ 7 ವರ್ಷ, ದೊಡ್ಡವಳಿಗೆ 12. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಅಂದರೆ ಇನ್ನೂ ಹೆದರಿಕೆ. ಹಾಗಾಗಿ ನಾನು ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು, ಒಂದೊಂದು ಪುಟ ಮನಸ್ಸಿನಲ್ಲಿ ಓದಿ, ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಈ ಮಳೆಗಾಲಕ್ಕೆ ರೋಆಲ್ಡ್ ಡಾಲ್ ಬರೆದ ‘ಚಾರ್ಲಿ ಆ್ಯಂಡ್ ದ ಚಾಕಲೇಟ್ ಫ್ಯಾಕ್ಟರಿ’ ಎತ್ತಿಕೊಂಡೆವು. 1964ರ ಪುಸ್ತಕ. ನಾನು ಮೊದಲು ಓದಿದ್ದು ಹೈಸ್ಕೂಲಿನಲ್ಲಿ. ಅಂದಿನಿಂದ ನನ್ನ ಜೊತೆಗೇ ಇದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಚಾರ್ಲಿ ಬಡವರ ಮನೆ ಹುಡುಗ. ಅಪ್ಪ, ಅಮ್ಮ, ಒಂದೇ ಮಂಚದ ಮೇಲೆ ನಾಲ್ಕು ಜನ ಅಜ್ಜ ಅಜ್ಜಿಯರು. ಊಟಕ್ಕೆ ಎಲೆಕೋಸಿನ ನೀರು ಸಾರು. ಊರಲ್ಲೇ ವೊಂಕಾ ಅನ್ನುವವನ ದೊಡ್ಡ ಚಾಕಲೇಟ್ ಕಾರ್ಖಾನೆ ಇದೆ. ಬಾಗಿಲಿಗೆ ಬೀಗ, ಒಳಗೆ ಹೋಗುವವರಿಲ್ಲ, ಹೊರಗೆ ಬರುವವರಿಲ್ಲ. ಒಂದು ದಿನ ವೊಂಕಾ ಐದು ಚಾಕಲೇಟಿನ ಕಾಗದದೊಳಗೆ ಚಿನ್ನದ ಟಿಕೆಟ್ ಅಡಗಿಸಿ ಇಡುತ್ತಾನೆ. ಸಿಕ್ಕ ಐದು ಮಕ್ಕಳಿಗೆ ಮಾತ್ರ ಒಳಗೆ ಪ್ರವೇಶ.

ನನಗೆ ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಕಾರ್ಖಾನೆಯಲ್ಲ, ಅದಕ್ಕೂ ಮುಂಚೆ ಬರುವ ಹಸಿವು. ಚಾರ್ಲಿಯ ಅಪ್ಪ ಟೂತ್‌ಪೇಸ್ಟ್ ಟ್ಯೂಬಿಗೆ ಮುಚ್ಚಳ ತಿರುಗಿಸುವ ಕೆಲಸ ಮಾಡುತ್ತಾನೆ. ಆ ಫ್ಯಾಕ್ಟರಿ ಮುಚ್ಚಿಬಿಡುತ್ತದೆ. ಮನೆಯಲ್ಲಿ ತಿನ್ನಲು ಏನೂ ಉಳಿಯುವುದಿಲ್ಲ. ಆಗ ಚಾರ್ಲಿ ಬೆಳಿಗ್ಗೆ 10 ನಿಮಿಷ ಮೊದಲೇ ಮನೆ ಬಿಡುತ್ತಾನೆ. ಯಾಕೆ ಗೊತ್ತಾ? ಶಾಲೆಗೆ ಓಡುವ ಹಾಗಾಗಬಾರದು, ನಿಧಾನಕ್ಕೆ ನಡೆಯಬೇಕು, ಮೈಯಲ್ಲಿದ್ದ ಶಕ್ತಿ ಉಳಿಯಬೇಕು ಅಂತ. ಆಟದ ಹೊತ್ತಿಗೆ ಬೇರೆ ಮಕ್ಕಳು ಹಿಮದಲ್ಲಿ ಕುಣಿಯುವಾಗ ಅವನು ಕ್ಲಾಸಿನಲ್ಲೇ ಕೂತಿರುತ್ತಾನೆ.

ಇದನ್ನು ಹೇಳಿದ್ದು ಜೂನ್ ತಿಂಗಳಲ್ಲಿ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ ಅಂತ ನಮ್ಮ ಕರಾವಳಿಯವರಿಗೆಲ್ಲ ಗೊತ್ತು. ಬೈತಖೋಲದ ಕಡೆಯಿಂದ ಬರುವ ಒಬ್ಬ ಹುಡುಗ ಇದ್ದಾನೆ, ಅವರಪ್ಪ ಟ್ರಾಲರಿನಲ್ಲಿ ಕೆಲಸ ಮಾಡುತ್ತಾರೆ. ಅವನು ಮೆಲ್ಲಗೆ ಹೇಳಿದ, ‘ನಮ್ಮ ಅಪ್ಪನೂ ಈಗ ಮನೇಲೇ ಇರ್ತಾರೆ.’ ಅಷ್ಟೇ ಹೇಳಿದ್ದು. ಉಳಿದ ಮಕ್ಕಳು ಅವನನ್ನು ನೋಡಿದರು, ಆಮೇಲೆ ಪುಸ್ತಕ ನೋಡಿದರು. ಮಳೆಯ ಸದ್ದು ಬಿಟ್ಟರೆ ಜಗುಲಿಯಲ್ಲಿ ಒಂದು ಮಾತಿಲ್ಲ. ಪುಸ್ತಕ ಮಾಡಬೇಕಾದ ಕೆಲಸ ಇದೇ ಅಲ್ವಾ ಅಂತ ಅವತ್ತು ಅನಿಸಿತು.

ಈಗ ವಿಷಯಕ್ಕೆ ಬರುತ್ತೇನೆ. ಪುಸ್ತಕ ಅರ್ಧ ಆಗಿತ್ತು. ಜೋರು ಮಳೆ ಇದ್ದ ಒಂದು ದಿನ, ಮಕ್ಕಳಲ್ಲಿ ಒಬ್ಬಳ ಮನೆಯ ಟಿವಿಯಲ್ಲಿ ‘ವೊಂಕಾ’ ಸಿನಿಮಾ ಹಾಕಿದರು. 2023ರ ಚಿತ್ರ, ನಿರ್ದೇಶಕ ಪಾಲ್ ಕಿಂಗ್, ವೊಂಕಾ ಆಗಿ ಟಿಮೊಥಿ ಶಾಲಮೆ. ಪುಸ್ತಕದ ಕಥೆಗೆ ಮೊದಲು ಏನಾಯಿತು ಅನ್ನುವುದು ಅದರ ಕಥೆ. ಅಂದರೆ ಕಾರ್ಖಾನೆ ಇನ್ನೂ ಇಲ್ಲ, ವೊಂಕಾ ಎಳೆಯ ಹುಡುಗ. ಒಂಬತ್ತೂ ಮಕ್ಕಳು ಕೂತು ನೋಡಿದವು. ನಾನೂ ನೋಡಿದೆ.

ಸಿನಿಮಾ ಚೆಂದ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ವೊಂಕಾ ತುಂಬಾ ಒಳ್ಳೆಯವನು. ನಗುತ್ತಾನೆ, ಹಾಡುತ್ತಾನೆ, ಅಮ್ಮನನ್ನು ನೆನೆದು ಕಣ್ಣು ತುಂಬಿಕೊಳ್ಳುತ್ತಾನೆ. ಪುಸ್ತಕದ ವೊಂಕಾ ಹಾಗಲ್ಲ. ಕಪ್ಪು ಟೋಪಿ, ನೇರಳೆ ಬಣ್ಣದ ಮಖಮಲ್ ಕೋಟು, ಮೊನಚು ಗಡ್ಡ. ಚುರುಕು ಕಣ್ಣು. ಒಬ್ಬ ಹುಡುಗ ಚಾಕಲೇಟ್ ಹೊಳೆಗೆ ಬಿದ್ದು ಗಾಜಿನ ಕೊಳವೆಯಲ್ಲಿ ಮೇಲೆ ಹೋದರೂ ಅವನು ನಡುಗುವುದಿಲ್ಲ. ಮಕ್ಕಳು ಏನಾದರೂ ಕೇಳಿದರೆ ಕಿವಿ ಕೇಳಿಸದವನ ಹಾಗೆ ಮುಂದೆ ಹೋಗುತ್ತಾನೆ. ಇವನು ಒಳ್ಳೆಯವನೋ ಕೆಟ್ಟವನೋ ಅಂತ ಕೊನೆಯವರೆಗೂ ಎದೆಯಲ್ಲಿ ಒಂದು ಪುಕಪುಕಿ ಇರುತ್ತದೆ. ನನಗೆ ಆ ಹೆದರಿಕೆ ಬೇಕು.

ಹೋದ ಭಾನುವಾರ ಪುಸ್ತಕ ಮುಗಿಯಿತು. ಕೊನೆಯಲ್ಲಿ ವೊಂಕಾ ಚಾರ್ಲಿಗೆ ಹೇಳುತ್ತಾನೆ: ತನಗೆ ಮಕ್ಕಳಿಲ್ಲ, ಸಂಸಾರವೂ ಇಲ್ಲ, ವಯಸ್ಸಾಯಿತು, ಕಾರ್ಖಾನೆ ನೋಡಿಕೊಳ್ಳಲು ಒಂದು ಒಳ್ಳೆಯ ಮಗು ಬೇಕಿತ್ತು. ಅಷ್ಟು ಹೇಳಿದ್ದೇ ತಡ, 12 ವರ್ಷದವಳು ಎದ್ದು ನಿಂತಳು. ‘ಅಕ್ಕೋರೇ, ಅವನಿಗೆ ಅಮ್ಮ ಇದ್ದಳಲ್ಲ? ಅಮ್ಮ ಕೊಟ್ಟ ಚಾಕಲೇಟು ಇತ್ತಲ್ಲ? ಮರೆತುಬಿಟ್ಟನಾ?’

ನನಗೆ ಉತ್ತರ ಬರಲಿಲ್ಲ. ಮುಂದಿನ ವಾರ ಹೇಳ್ತೇನೆ ಅಂದೆ. ಅವನು ಬೇರೆ, ಇವನು ಬೇರೆ ಅಂದುಬಿಡಲಾ? ಅಥವಾ ಎರಡೂ ಕಥೆ ಸೇರುವ ಜಾಗ ಎಲ್ಲಾದರೂ ಇದೆಯಾ? ಅರ್ಧದಲ್ಲಿ ಸಿನಿಮಾ ನೋಡಲು ಬಿಟ್ಟಿದ್ದು ನನ್ನ ತಪ್ಪಾ? ಎರಡೂ ಬಲ್ಲವರು ಹೇಳಿ.

ಅಂಕೋಲಾದಿಂದ:

ಅಕ್ಕಾ, ಬೇರೆ ಬೇರೆ ಅಂತ ಹೇಳಿಬಿಡಿ. ಡಾಲ್ ತೀರಿಕೊಂಡಿದ್ದು 1990ರಲ್ಲಿ. ಈ ಸಿನಿಮಾ ಕಥೆ ಅವರದಲ್ಲ. ಪುಸ್ತಕದಲ್ಲಿ ವೊಂಕಾನ ಅಪ್ಪ ಅಮ್ಮನ ಸುದ್ದಿಯೇ ಇಲ್ಲ. ಆ ಖಾಲಿ ಜಾಗ ಕಂಡರೆ ಸಿನಿಮಾದವರಿಗೆ ತಡೆಯಲು ಆಗುವುದಿಲ್ಲ. 2005ರಲ್ಲಿ ಟಿಮ್ ಬರ್ಟನ್ ಮಾಡಿದಾಗ ಒಬ್ಬ ಅಪ್ಪನನ್ನು ತಂದರು. ಹಲ್ಲಿನ ಡಾಕ್ಟರು, ಮಗನಿಗೆ ಸಿಹಿ ಮುಟ್ಟಲು ಬಿಡದವನು. 2023ರಲ್ಲಿ ಅಮ್ಮನನ್ನು ತಂದರು. 1971ರ ಮೊದಲ ಸಿನಿಮಾದಲ್ಲಿ ಮಾತ್ರ ಜೀನ್ ವೈಲ್ಡರ್ ಮಾಡಿದ ವೊಂಕಾಗೆ ಹಿಂದಿಲ್ಲ, ಮುಂದಿಲ್ಲ. ಕುಂಟುತ್ತಾ ಹೊರಗೆ ಬಂದು, ಇದ್ದಕ್ಕಿದ್ದಂತೆ ಲಾಗ ಹಾಕಿ ಎದ್ದು ನಿಲ್ಲುತ್ತಾನೆ. ಆಮೇಲೆ ಅವನನ್ನು ಯಾರೂ ನಂಬುವ ಹಾಗಿಲ್ಲ. ನಿಮಗೆ ಬೇಕಾದ ಹೆದರಿಕೆ ಅದರಲ್ಲಿದೆ. ಆದರೆ ಡಾಲ್‌ಗೆ ಆ ಸಿನಿಮಾನೂ ಹಿಡಿಸಲಿಲ್ಲ.

ಕುಮಟಾ ಮಾಸ್ತರು:

ಅಕ್ಕೋರೇ, ಸಿನಿಮಾ ತೋರಿಸಿದ್ದು ತಪ್ಪಲ್ಲ. ಅದರಲ್ಲಿ ಒಂದು ಸಂಗತಿ ಇದೆ, ಅದನ್ನು ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ವೊಂಕಾ ಕೈಯಲ್ಲಿ ಕೆಲವೇ ಬೆಳ್ಳಿ ನಾಣ್ಯ ಇಟ್ಟುಕೊಂಡು ಪಟ್ಟಣಕ್ಕೆ ಬರುತ್ತಾನೆ. ಒಂದು ದಿನದಲ್ಲೇ ಎಲ್ಲ ಖಾಲಿ. ಮಲಗಲು ಜಾಗ ಇಲ್ಲ. ಒಬ್ಬಳು ಹೆಂಗಸು ಕೋಣೆ ಕೊಡುತ್ತಾಳೆ, ಕಾಗದಕ್ಕೆ ಸಹಿ ಹಾಕು ಅನ್ನುತ್ತಾಳೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿ ನೂಡಲ್, ಸಣ್ಣ ಅಕ್ಷರ ಓದು ಅಂತ ಎಚ್ಚರಿಸುತ್ತಾಳೆ. ಇವನು ಓದುವುದಿಲ್ಲ. ಯಾಕೆಂದರೆ ಇವನಿಗೆ ಓದಲು ಬರುವುದೇ ಇಲ್ಲ! ಬೆಳಗಾದರೆ ಮೆಟ್ಟಿಲು ಹತ್ತಿದ್ದಕ್ಕೂ ಲೆಕ್ಕ. ಒಟ್ಟು ಸಾಲ 10,000 ನಾಣ್ಯ. ಅದನ್ನು ತೀರಿಸಲು ನೆಲಮಾಳಿಗೆಯಲ್ಲಿ ಕೂತು ಬಟ್ಟೆ ಒಗೆಯಬೇಕು, ದಿನಕ್ಕೆ ಒಂದು ನಾಣ್ಯದ ಹಾಗೆ. ಲೆಕ್ಕ ಹಾಕಿ ನೋಡಿ, 27 ವರ್ಷಕ್ಕೂ ಜಾಸ್ತಿ.

ನಮ್ಮ ಅಜ್ಜ ಹೀಗೇ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಏನು ಬರೆದಿದೆ ಅಂತ ಕೇಳಲು ಮರ್ಯಾದೆ ಅಡ್ಡ ಬಂತು. ಗಜನಿ ಗದ್ದೆ ಹೋಯಿತು. ಆ ನೀಲಿ ಶಾಯಿಯ ಗುರುತಿರುವ ಕಾಗದವನ್ನು ನಮ್ಮಪ್ಪ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು, ನಮಗೆ ತೋರಿಸಿ ‘ಓದ್ರೋ’ ಅನ್ನುತ್ತಿದ್ದರು. ನಾನು ಮಾಸ್ತರನಾದದ್ದು ಆ ಕಾಗದದಿಂದ.

ಸಿನಿಮಾದಲ್ಲಿ ನೂಡಲ್ ಅವನಿಗೆ ಅಕ್ಷರ ಕಲಿಸುತ್ತಾಳೆ. ಅದು ಪುಸ್ತಕದಲ್ಲಿಲ್ಲ ನಿಜ. ಆದರೆ ನಿಮ್ಮ ಜಗುಲಿಯಲ್ಲಿ ಕೂತು ಓದು ಕಲಿಯುತ್ತಿರುವ ಮಕ್ಕಳಿಗೆ ಅದು ಬೇಡ ಅನ್ನಬೇಡಿ.

ತೋಟದಿಂದ, ಶಿರಸಿ:

ತಂಗೀ, ನಾನು ಕಥೆ ಪುಸ್ತಕ ಓದುವವನಲ್ಲ. ಮೊಮ್ಮಗಳಿಗಾಗಿ ಇದೊಂದನ್ನು ಓದಿದೆ, ಅವಳ ಜೊತೆ ಕೂತು ಸಿನಿಮಾನೂ ನೋಡಿದೆ. ಕೋಕೋ ಬೆಳೆಯುವವನ ಕಣ್ಣಿಗೆ ಕಂಡಿದ್ದನ್ನು ಹೇಳುತ್ತೇನೆ.

ನಮ್ಮಲ್ಲಿ ಅಡಿಕೆ ಮರಗಳ ನಡುವೆ ಕೋಕೋ ಇದೆ. ಹಲಸಿನ ಹಾಗೆ ಕಾಂಡಕ್ಕೇ ಕಾಯಿ ಬಿಡುತ್ತದೆ. ಹಣ್ಣಾದರೆ ಹಳದಿ. ಒಡೆದರೆ ಒಳಗೆ ಬಿಳಿ ತಿರುಳು ಮೆತ್ತಿಕೊಂಡ ಮೂವತ್ತು ನಲವತ್ತು ಬೀಜ. ತಿರುಳು ಹುಳಿ ಸಿಹಿ, ಚೀಪಲು ಬಲು ರುಚಿ. ಬೀಜ ಕಚ್ಚಿದಿರೋ, ಕಹಿ! ಬಾಯಿ ಒಗರಾಗಿ ಹೋಗುತ್ತದೆ. ಚಾಕಲೇಟಿನ ವಾಸನೆ ಅದರಲ್ಲಿ ಒಂದು ಚೂರೂ ಇರುವುದಿಲ್ಲ. ಬೀಜವನ್ನು ರಾಶಿ ಹಾಕಿ, ಬಾಳೆ ಎಲೆ ಮುಚ್ಚಿ, ಆರು ದಿನ ಹುಳಿ ಬರಿಸಬೇಕು. ಎರಡು ದಿನಕ್ಕೊಮ್ಮೆ ಮಗುಚಬೇಕು. ಮೂರನೇ ದಿನ ರಾಶಿಯೊಳಗೆ ಕೈ ಹಾಕಿದರೆ ಸ್ನಾನದ ನೀರಿನ ಬಿಸಿ. ಮೂಗಿಗೆ ವಿನೆಗರಿನ ಘಾಟು. ಆಮೇಲೆ ಒಣಗಿಸಬೇಕು, ಹುರಿಯಬೇಕು, ಆಗಲೇ ಆ ಪರಿಮಳ. ನಾವು ಹೆಚ್ಚಿನವರು ಹಸಿ ಬೀಜವನ್ನೇ ಮಾರಿಬಿಡುತ್ತೇವೆ.

1980ರ ಆಸುಪಾಸಿನಲ್ಲಿ ಕೋಕೋ ಕೇಳುವವರೇ ಇಲ್ಲದ ಹಾಗಾಯಿತು. ನಮ್ಮಪ್ಪ ಕತ್ತಿ ತೆಗೆದುಕೊಂಡು ಹೋಗಿ ಅರ್ಧ ಗಿಡ ಕಡಿದು ಹಾಕಿದರು. ಆಮೇಲೆ ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಬೀಜ ಕೊಳ್ಳತೊಡಗಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯೂ ಬಂತು. ಉಳಿದರ್ಧ ಗಿಡ ಹಾಗಾಗಿ ಇವತ್ತಿಗೂ ಇದೆ. ಆದರೆ ಅಷ್ಟು ವರ್ಷ ಕೋಕೋ ಬೆಳೆದ ನಮ್ಮಪ್ಪ ಚಾಕಲೇಟು ಅಂತ ಬಾಯಿಗೆ ಹಾಕಿದ್ದು ನನ್ನ ಮದುವೆಗೆ ಬಂದವರು ಕೊಟ್ಟಾಗ. ‘ನಮ್ಮ ಬೀಜವೇನೋ ಇದು?’ ಅಂತ ಕೇಳಿದ್ದರು.

ಅದಕ್ಕೇ ನನಗೆ ಊಂಪಾ ಲೂಂಪಾಗಳ ವಿಷಯ ಮುಖ್ಯ. ಪುಸ್ತಕದಲ್ಲಿ ಅವರು ವೊಂಕಾನ ಕಾರ್ಖಾನೆಯ ಪುಟ್ಟ ಕೆಲಸಗಾರರು. ಅವರ ಕಾಡಿನಲ್ಲಿ ತಿನ್ನಲು ಹಸಿರು ಕಂಬಳಿಹುಳ ಬಿಟ್ಟರೆ ಇಲ್ಲ, ಕೋಕೋ ಬೀಜ ಅಂದರೆ ಪ್ರಾಣ. ವೊಂಕಾ ಅವರನ್ನು ಪೆಟ್ಟಿಗೆಗಳಲ್ಲಿ ತುಂಬಿ, ಉಸಿರಾಡಲು ತೂತು ಕೊರೆದು, ಹಡಗಿನಲ್ಲಿ ತರುತ್ತಾನೆ. ಕೂಲಿ ಬೀಜದಲ್ಲೇ. ಮೊದಲ ಮುದ್ರಣದಲ್ಲಿ ಅವರನ್ನು ಆಫ್ರಿಕದವರು ಅಂತಲೇ ಬರೆದಿದ್ದರು. ಜನ ಆಕ್ಷೇಪಿಸಿದ ಮೇಲೆ 1973ರಲ್ಲಿ ಡಾಲ್ ಬದಲಾಯಿಸಿದರು. ಬದಲಾಯಿಸಿದ್ದು ಮೈಬಣ್ಣ, ಊರು. ಪೆಟ್ಟಿಗೆ ಹಾಗೇ ಉಳಿಯಿತು. ನನಗೆ ಅದನ್ನು ಓದಿ ಮೊಮ್ಮಗಳಿಗೆ ಹೇಳುವಾಗ ಗಂಟಲು ಕಟ್ಟಿತು. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಜಾಸ್ತಿ ಇವತ್ತಿಗೂ ಪಶ್ಚಿಮ ಆಫ್ರಿಕದಿಂದ ಬರುತ್ತದೆ. ಬೆಳೆಯುವವರು ನಮ್ಮಂಥವರು, ನಮಗಿಂತ ಬಡವರು.

ಸಿನಿಮಾ ಇದನ್ನು ತಿರುಗಿಸಿದೆ. ಅಲ್ಲಿ ವೊಂಕಾ ಅವರ ದ್ವೀಪಕ್ಕೆ ಹೋಗಿ, ಕಾವಲಿದ್ದವನು ತೂಕಡಿಸುವಾಗ ಬೀಜ ಎತ್ತಿಕೊಂಡು ಬರುತ್ತಾನೆ. ಕಾವಲುಗಾರನನ್ನು ಅವನ ಜನ ಹೊರಗೆ ಹಾಕುತ್ತಾರೆ. ಸಾವಿರ ಪಟ್ಟು ವಾಪಸ್ ತಂದರೆ ಮಾತ್ರ ಊರಿಗೆ ಪ್ರವೇಶ. ಅವನು ರಾತ್ರಿ ರಾತ್ರಿ ಬಂದು ವೊಂಕಾನ ಚಾಕಲೇಟು ಒಯ್ಯುತ್ತಾನೆ. ಕದಿಯುತ್ತಿದ್ದಾನೆ ಅಂದುಕೊಂಡರೆ, ವಸೂಲಿ ಮಾಡುತ್ತಿದ್ದಾನೆ! ಹ್ಯೂ ಗ್ರಾಂಟ್ ಆ ಪುಟ್ಟ ಮನುಷ್ಯನಾಗಿ ಎಷ್ಟು ಗಂಭೀರವಾಗಿ ಲೆಕ್ಕ ಹೇಳುತ್ತಾನೆ ಅಂದರೆ, ನನಗೆ ನಮ್ಮ ಸೊಸೈಟಿಯ ಹಳೆ ಗುಮಾಸ್ತರು ನೆನಪಾದರು. ಪುಸ್ತಕದಲ್ಲಿ ವೊಂಕಾ ಕೊಡುವವನು. ಸಿನಿಮಾದಲ್ಲಿ ಬಾಕಿ ಇಟ್ಟುಕೊಂಡವನು. ಬೀಜ ಯಾರದ್ದು ಅಂತ ಕೇಳಿದ ಸಿನಿಮಾ ಅದು. ಅದಕ್ಕೆ ನನ್ನ ಪೂರ್ತಿ ಅಂಕ.

ಆದರೆ ಅಳಿಲಿನ ಅಧ್ಯಾಯಕ್ಕೆ ಸಮ ಯಾವುದೂ ಇಲ್ಲ. ನೂರು ಅಳಿಲು ಸಾಲಾಗಿ ಕೂತು ಅಕ್ರೋಟು ತಟ್ಟಿ ನೋಡಿ, ಟೊಳ್ಳಾದರೆ ಎಸೆಯುತ್ತವಲ್ಲ, ಅದು ಡಾಲ್ ಸುಮ್ನೆ ಕಟ್ಟಿದ್ದಲ್ಲ ಅನಿಸುತ್ತದೆ. ನಾವು ತೆಂಗಿನಕಾಯಿ ಬಡಿದು ನೋಡುವ ಹಾಗೇ. ನಮ್ಮ ತೋಟದ ಅಳಿಲೂ ಹಣ್ಣಾದ ಕೋಕೋವನ್ನೇ ಹುಡುಕಿ ತೂತು ಮಾಡುತ್ತದೆ, ಹಸಿರು ಕಾಯಿ ಮುಟ್ಟುವುದಿಲ್ಲ. 1971ರ ಸಿನಿಮಾದಲ್ಲಿ ಅಳಿಲಿನ ಬದಲು ಹೆಬ್ಬಾತು ಇಟ್ಟರಂತೆ ಅಂತ ಮೊಮ್ಮಗಳು ಹೇಳಿದಳು. ಪಾಪ.

ನಿಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ನನ್ನ ಬಳಿ ಇಲ್ಲ. ಆದರೆ ಹುಟ್ಟುಹಬ್ಬದ ಅಧ್ಯಾಯ ಇನ್ನೊಮ್ಮೆ ನೋಡಿ. ಅಲ್ಲಿ ಏನೋ ಇದೆ. ಬೇಕಾದರೆ ಕಾರವಾರದ ಬಸ್ಸಿಗೆ ನಾಲ್ಕು ಕಾಯಿ ಹಾಕಿ ಕಳಿಸುತ್ತೇನೆ.

ಕೋಡಿಬಾಗದ ಜಗುಲಿ, ಕಾರವಾರ:

ಎಲ್ಲರಿಗೂ ಉತ್ತರ ಬರೆಯಲು ಎರಡು ವಾರ ತಡವಾಯಿತು. ಮಾಸ್ತರೇ, ನೀವು ಆ ಕಾಗದದ ವಿಷಯ ಬರೆದಿದ್ದನ್ನು ಮಕ್ಕಳಿಗೆ ಓದಿ ಹೇಳಿದೆ. ಹೆಬ್ಬೆಟ್ಟು ಅಂದರೆ ಏನು ಅಂತ ಇಬ್ಬರು ಕೇಳಿದರು. ಇಂಕ್ ಪ್ಯಾಡ್ ತಂದು ತೋರಿಸಿದೆ.

ತೋಟದಣ್ಣ ಹೇಳಿದ ಹಾಗೆ ಹುಟ್ಟುಹಬ್ಬದ ಅಧ್ಯಾಯಕ್ಕೆ ವಾಪಸ್ ಹೋದೆ. ಚಾರ್ಲಿಗೆ ವರ್ಷಕ್ಕೆ ಒಂದೇ ಚಾಕಲೇಟು, ಹುಟ್ಟುಹಬ್ಬದ ದಿನ. ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟು ದಿನಕ್ಕೆ ಒಂದು ಚೂರು ಕಚ್ಚಿ ಒಂದು ತಿಂಗಳಿಗೂ ಜಾಸ್ತಿ ತಿನ್ನುತ್ತಾನೆ. ಸಿನಿಮಾದ ವೊಂಕಾಗೂ ಹಾಗೇ! ಅವನ ಅಮ್ಮ ಅಡುಗೆ ಕೆಲಸದವಳು. ಒಂದೊಂದೇ ಕೋಕೋ ಬೀಜ ಕೂಡಿಟ್ಟು, ಮಗನ ಹುಟ್ಟುಹಬ್ಬಕ್ಕೆ ಸರಿಯಾಗಿ ಒಂದು ಚಾಕಲೇಟು ಮಾಡುತ್ತಾಳೆ. ನಾನು ಸಿನಿಮಾ ನೋಡುವಾಗ ಇದನ್ನು ಗಮನಿಸಲೇ ಇಲ್ಲ. ಅವರು ಚಾರ್ಲಿಯ ಹುಟ್ಟುಹಬ್ಬವನ್ನು ತೆಗೆದು ವೊಂಕಾಗೆ ಕೊಟ್ಟಿದ್ದಾರೆ. ವೊಂಕಾನನ್ನೇ ಒಬ್ಬ ಚಾರ್ಲಿ ಮಾಡಿದ್ದಾರೆ.

ಅದಕ್ಕಿಂತ ದೊಡ್ಡದು ಇನ್ನೊಂದು. ಸಿನಿಮಾದ ಕೊನೆಯಲ್ಲಿ ವೊಂಕಾ ಅಮ್ಮನ ಚಾಕಲೇಟು ಬಿಚ್ಚುತ್ತಾನೆ. ಒಳಗೆ ಚಿನ್ನದ ಬಣ್ಣದ ಚೀಟಿ. ಯಾರ ಜೊತೆ ಹಂಚಿಕೊಂಡು ತಿನ್ನುತ್ತೀಯ ಅನ್ನುವುದೇ ಗುಟ್ಟು ಅಂತ ಬರೆದಿರುತ್ತದೆ. ಅವನು ಮುರಿದು ಎಲ್ಲರಿಗೂ ಒಂದೊಂದು ತುಂಡು ಕೊಡುತ್ತಾನೆ, ಎಲ್ಲರೂ ತಿನ್ನುತ್ತಾರೆ. ಪುಸ್ತಕದಲ್ಲಿ ಚಾರ್ಲಿಗೆ ಯಾರೂ ಚೀಟಿ ಬರೆದಿಲ್ಲ. ಅವನು ತಾನಾಗೇ ಅಮ್ಮನಿಗೆ ಕೊಡಲು ಹೋಗುತ್ತಾನೆ, ಎಲ್ಲರೂ ರುಚಿ ನೋಡಲಿ ಅನ್ನುತ್ತಾನೆ. ಒಬ್ಬರೂ ತೆಗೆದುಕೊಳ್ಳುವುದಿಲ್ಲ. ಹಸಿದ ಆರು ಜನ ದೊಡ್ಡವರು, ಬೇಡ, ಪೂರ್ತಿ ನಿನಗೇ ಅನ್ನುತ್ತಾರೆ.

ಇದೆರಡನ್ನೂ ಒಟ್ಟಿಗೆ ಹೇಳಿದೆ. ಅಮ್ಮನನ್ನು ಮರೆತನಾ ಅಂತ ಕೇಳಿದವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, ‘ಪುಸ್ತಕದ್ದೇ ಜಾಸ್ತಿ ಬೇಜಾರು. ನಮ್ಮಮ್ಮನೂ ಹಾಗೇ ಮಾಡ್ತಾಳೆ, ಮೀನಿನ ತಲೆ ನಂಗೆ ಸಾಕು ಅಂತಾಳೆ.’ ಅಂಕೋಲಾದವರು ಅಂದ ಹಾಗೆ ಇಬ್ಬರು ವೊಂಕಾ ಬೇರೆ ಬೇರೆ ಅಂತಲೂ ಹೇಳಿದೆ. ಅವಳಿಗೆ ಅಷ್ಟರಲ್ಲಿ ಆ ಪ್ರಶ್ನೆ ಬೇಕಾಗಿರಲಿಲ್ಲ.

ಅಣ್ಣಾ, ಕಾಯಿ ಬಂದು ತಲುಪಿತು. ಗೋಣಿಚೀಲದಲ್ಲಿ ಸುತ್ತಿ ಕಳಿಸಿದ್ದಕ್ಕೆ ಒಂದೂ ಒಡೆದಿರಲಿಲ್ಲ. ಜಗುಲಿಯಲ್ಲೇ ಒಡೆದೆವು. ತಿರುಳು ಚೀಪಿ ಚೀಪಿ ಎಲ್ಲರ ಅಂಗಿ ಅಂಟು. ಏಳು ವರ್ಷದವನು ಬೀಜ ಕಚ್ಚಿ ಉಗಿದು, ‘ಇದರಿಂದ ಹ್ಯಾಗೆ ಚಾಕಲೇಟು ಮಾಡ್ತಾನೆ?’ ಅಂತ ಸಿಟ್ಟಾದ. ಪಾಂಡಿಚೇರಿಯ ರಾಜಕುಮಾರನ ಚಾಕಲೇಟ್ ಅರಮನೆ ಬಿಸಿಲಿಗೆ ಕರಗಿ ಹೋಗುವ ಅಧ್ಯಾಯ ಅವರಿಗೆ ಪಂಚಪ್ರಾಣ. ಅದನ್ನು ಇನ್ನೊಮ್ಮೆ ಓದಿಸಿದರು. ನಮ್ಮ ಮೇ ತಿಂಗಳಿಗಾದರೆ ಆ ಅರಮನೆ ಒಂದು ಗಂಟೆ ನಿಲ್ಲುತ್ತಿತ್ತಾ ಅಂತ ದೊಡ್ಡ ಚರ್ಚೆ ಆಯಿತು.

ಬೀಜ ಎಲ್ಲ ಒಂದು ಬುಟ್ಟಿಯಲ್ಲಿ ಬಾಳೆ ಎಲೆ ಮುಚ್ಚಿ ಇಟ್ಟಿದ್ದೇನೆ. ಇವತ್ತಿಗೆ ಮೂರು ದಿನ. ಕೈ ಹಾಕಿ ನೋಡಿದರೆ ಬಿಸಿಯೇ ಇಲ್ಲ. ಈ ಮಳೆಗೆ ಒಣಗಿಸುವುದಾದರೂ ಹೇಗೆ?

ತೋಟದಿಂದ, ಶಿರಸಿ:

ನಾಲ್ಕು ಕಾಯಿಯ ಬೀಜಕ್ಕೆ ಕಾವು ಏರುವುದಿಲ್ಲ ತಂಗೀ, ರಾಶಿ ದೊಡ್ಡದಿರಬೇಕು. ಬಾಳೆ ಎಲೆಯ ಮೇಲೆ ಒಂದು ದಪ್ಪ ಕಂಬಳಿ ಹೊದಿಸಿ, ಒಲೆ ಪಕ್ಕ ಇಡಿ. ಆರು ದಿನ ಆದಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ಹರವಿ. ಹೊಗೆ ತಾಗದ ಹಾಗೆ ನೋಡಿಕೊಳ್ಳಿ, ತಾಗಿದರೆ ರುಚಿ ಕೆಡುತ್ತದೆ. ಸಿಪ್ಪೆ ಚಟಚಟ ಅಂದರೆ ಒಣಗಿದೆ ಅಂತ ಲೆಕ್ಕ. ಬೂಸು ಬಂದರೆ ಎಸೆದುಬಿಡಿ, ಬೇರೆ ಕಳಿಸುತ್ತೇನೆ.